ವಧು-ವರ ವಹಿಯೂ ನನ್ನ ಹೊಟ್ಟೆಕಿಚ್ಚೂ

ಮಂದಿಯ ಗುಟ್ಟು ಕಾಯುವ ಕೆಲಸ ಹಿಡಿದವನ ಮನೆಯಲ್ಲಿ ವಾರಕ್ಕೊಂದಾದರೂ ನಗೆಪಾಟಲು ಆಗಿಯೇ ತೀರುತ್ತದೆ. ನಾನು ಅಕ್ಕಲಕೋಟದಲ್ಲಿ ಕನ್ನಡ ಸಾಲಿಯ ಮಾಸ್ತರ. ದಿನಾ ಸಂಜೆ ಸಾಲಿ ಬಿಟ್ಟ ಮೇಲೆ, ಇಪ್ಪತ್ತೆರಡು ವರ್ಷಗಳಿಂದ, ನಮ್ಮ ಸಮಾಜದ ವಧು-ವರ ಮಂಡಳದ ವಹಿ ಬರೆಯುತ್ತ ಬಂದಿದ್ದೇನೆ. ಯಾರ ಮಗಳು ಲಗ್ನಕ್ಕೆ ಬಂದಿದ್ದಾಳೆ, ಯಾರ ಮಗನಿಗೆ ಎಲ್ಲಿ ನೌಕರಿ, ಮನೆದೇವರು ಯಾವುದು, ಸೋದರಮಾವನ ಊರು ಯಾವುದು, ಎಲ್ಲ ಆ ವಹಿಯಲ್ಲಿ. ಇದಕ್ಕೆ ಸಂಬಳ ಗಿಂಬಳ ಇಲ್ಲ. ಆದರೆ ಯಾವ ಲಗ್ನಕ್ಕೆ ಹೋದರೂ ಮೊದಲ ಪಂಕ್ತಿಯಲ್ಲಿ ನನಗೊಂದು ಎಲೆ, ಆಹೇರಿನಲ್ಲಿ, ಅಂದರೆ ಉಡುಗೊರೆಯಲ್ಲಿ, ಟಾವೆಲು, ಟೋಪಿ. ನನ್ನ ಮನೆಯಲ್ಲಿ ಇಷ್ಟು ಟೋಪಿಗಳಿವೆ ಅಂದರೆ ದಿನಕ್ಕೊಂದು ಹಾಕಿಕೊಂಡರೂ ಸಾಯುವತನಕ ಮುಗಿಯುವುದಿಲ್ಲ.

ಕಳೆದ ವರ್ಷ ಮಂಡಳದವರು ಒಂದು ಠರಾವು ಮಾಡಿದರು. ಸೊಲ್ಲಾಪುರ ನಗರ, ಅಕ್ಕಲಕೋಟ ತಾಲೂಕು, ಮಂಗಳವೇಢೆ ಕಡೆ, ಈ ಮೂರೂ ವಹಿಗಳನ್ನು ಕೂಡಿಸಿ ಒಂದೇ ವೆಬ್‌ಸೈಟು. ಮೂರಕ್ಕೂ ಸೇರಿ ಇನ್ನು ಮುಂದೆ ಒಬ್ಬರೇ ಚಿಟಣೀಸ. ಚಿಟಣೀಸ ಅಂದರೆ ಕಾರ್ಯದರ್ಶಿ. ಆ ಖುರ್ಚಿ ನನ್ನದೇ ಅಂತ ನಾನು ಮನಸ್ಸಿನಲ್ಲಿ ಕೂತೂ ಆಗಿತ್ತು. ಅಷ್ಟರಲ್ಲಿ ಸೈಟು ಮಾಡುವ ಕೆಲಸವನ್ನು ಸೊಲ್ಲಾಪುರದ ಚಾದರ ವ್ಯಾಪಾರಸ್ಥರ ಮನೆಯ ಸೊಸೆಗೆ ಕೊಟ್ಟರು. ಕಂಪ್ಯೂಟರ್ ಕಲಿತಾಕೆ, ಮೂವತ್ತೈದರ ಒಳಗಿನ ವಯಸ್ಸು, ಮೆತ್ತಗಿನ ಮಾತು. ಎಲ್ಲರೂ ಮ್ಯಾಡಮ್ ಅನ್ನುತ್ತಾರೆ. ಚಿಟಣೀಸರನ್ನು ಆರಿಸುವುದು ಸೈಟು ಒಂದು ಹದಕ್ಕೆ ಬಂದ ಮೇಲೆ ಅಂತ ಅಧ್ಯಕ್ಷರು ಹೇಳಿ ಆಕೆಯ ಕಡೆ ನೋಡಿ ನಕ್ಕರು. ನನ್ನ ಕಡೆ ನೋಡಲಿಲ್ಲ. ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಆ ಗಳಿಗೆಯಲ್ಲಿ. ಮಂದಿಯ ಗುಟ್ಟು ಬಚ್ಚಿಟ್ಟವನು ನನ್ನದನ್ನೇಕೆ ಬಚ್ಚಿಡಲಿ, ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ.

ಟ್ರಂಕಿನ ಬೀಗ

ವಹಿ ಒಯ್ಯಲು ಮ್ಯಾಡಮ್ ಸ್ವತಃ ಅಕ್ಕಲಕೋಟಕ್ಕೆ ಬಂದರು, ಅದೂ ಸರಕಾರಿ ಎಸ್‌ಟಿ ಬಸ್ಸಿನಲ್ಲಿ. ಮನೆಯಲ್ಲಿ ಕಾರಿದ್ದೂ ಬಸ್ಸಿನಲ್ಲಿ ಬಂದರಲ್ಲ ಅಂತ ನನ್ನ ಹೆಂಡತಿಗೆ ಭಾಳ ಮೆಚ್ಚುಗೆ. ನಾನು ಇಷ್ಟು ವರ್ಷ ಬಸ್ಸಿನಲ್ಲೇ ಅಡ್ಡಾಡಿದ್ದೇನೆ, ಒಂದು ದಿನವೂ ಆಕೆ ಮೆಚ್ಚಿದ್ದು ನೆನಪಿಲ್ಲ.

"ಗುರುಜಿ, ಇಷ್ಟ ವರ್ಷ ಮಂದಿ ಮಾಹಿತಿ ಹ್ಯಾಂಗ ಸುರಕ್ಷಿತ ಇಟ್ರಿ?" ಅಂತ ಮ್ಯಾಡಮ್ ಕೇಳಿದರು.

ನಾನು ಮಂಚದ ಕೆಳಗಿನಿಂದ ಟ್ರಂಕು ಎಳೆದೆ. "ಈ ಬೀಗ ನೋಡ್ರಿ. ಕೀಲಿ ನನ್ನ ಉಡದಾರದಾಗ. ಜಳಕಾ ಮಾಡುವಾಗನೂ ಬಿಚ್ಚಂಗಿಲ್ಲ. ಇದರಾಗಿನ ಒಂದ ಅಕ್ಷರ ನನ್ನ ಹೆಂಡ್ತಿಗೂ ಗೊತ್ತಿಲ್ಲ" ಅಂದೆ. ಅಡುಗೆಮನೆಯಲ್ಲಿ ಹೆಂಡತಿ ಕೆಮ್ಮಿದಳು.

ಅಷ್ಟರಲ್ಲಿ ಹಳ್ಳಿಯ ಕಾಕಾ ಒಬ್ಬರು ಮಗಳ ಹೆಸರು ಮತ್ತೊಮ್ಮೆ ಬರೆಸಲು ಬಂದರು. ಮ್ಯಾಡಮ್ ಎದುರಿಗೇ ನಮ್ಮ ಪದ್ಧತಿ ತೋರಿಸೋಣ ಅಂತ ವಹಿ ಬಿಚ್ಚಿ ಕೂತೆ. ಸಾಲಿ ಮಾಸ್ತರಿಕೆಯ ಒಂದು ಚಟ ನನಗಿದೆ. ಏನೇ ಬರೆದರೂ ಉಕ್ತಲೇಖನ ಹೇಳುವಂತೆ ಗಟ್ಟಿಯಾಗಿ ಹೇಳುತ್ತ ಬರೆಯುತ್ತೇನೆ, ಅದೂ ಕೊನೆಯ ಬೆಂಚಿನವನಿಗೆ ಕೇಳಿಸುವ ದನಿಯಲ್ಲಿ. ಅದು ಚಟ ಅಂತ ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ.

"ಹುಡುಗಿಯ ವಯಸ್ಸು... ಇಪ್ಪತ್ತಮೂರು..." ಅಂತ ಬರೆಯುತ್ತಿದ್ದೆ. ಎದುರಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸು ಅಲ್ಲಿಂದಲೇ ಕೂಗಿದಳು.

"ಮಾಸ್ತರ್ರ, ಒಂದೀಟ ತಡೀರಿ. ಹ್ವಾದ ವರ್ಷ ಆ ಕಾಕಾ ಇಪ್ಪತ್ನಾಕ ಅಂತ ಬರಸಿದ್ದ. ಈ ವರ್ಷ ಇಪ್ಪತ್ಮೂರ ಹ್ಯಾಂಗ ಆತು?"

ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಎದುರಮನೆಯಾಕೆ ಅಷ್ಟಕ್ಕೆ ನಿಲ್ಲಿಸದೆ, ಆ ಪುಟದ ಮೇಲಿನ ಮೂರು ಹುಡುಗಿಯರ ವಯಸ್ಸನ್ನೂ ಬಾಯಿಪಾಠ ಒಪ್ಪಿಸಿದಳು. ನಾನು ಮ್ಯಾಡಮ್ ಮುಖ ನೋಡಲಾರದೆ ಟ್ರಂಕಿನ ಕಡೆ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು.

"ಬೀಗ ಮಾತ್ರ ಭಾಳ ಗಟ್ಟಿ ಅದ ನೋಡ್ರಿ ಗುರುಜಿ" ಅಂದರು.

ಹೆಸರಿಲ್ಲದ ಹುಡುಗಿ

ಎರಡು ತಿಂಗಳಲ್ಲಿ ಸೈಟು ಸಿದ್ಧವಾಯಿತು. ಸೊಲ್ಲಾಪುರದಲ್ಲಿ ಸಭೆ ಕರೆದು ಗೋಡೆಯ ಮೇಲೆ ಅದನ್ನು ತೋರಿಸಿದರು. ಹುಡುಗಿಯ ಹೆಸರಿಲ್ಲ, ಫೋಟೋ ಇಲ್ಲ, ಫೋನಿಲ್ಲ, ಬರೀ ಒಂದು ನಂಬರು. "ಮೂರ ಕಡೀ ಮಾಹಿತಿ ಒಂದ ಕಡೆ ಕೂಡಸಾಕತ್ತೀವಿ. ಒಬ್ಬರ ಗುಟ್ಟೂ ಹೊರಗ ಹೋಗಬಾರದು" ಅಂದರು ಮ್ಯಾಡಮ್. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಪ್ಪತ್ತೆರಡು ವರ್ಷ ನಾನು ವಹಿಯ ಪುಟವನ್ನು ಅಂಗೈಯಿಂದ ಮುಚ್ಚಿ, ಬೇಕಾದ ಒಂದೇ ಸಾಲು ತೋರಿಸುತ್ತ ಬಂದೆ. ಒಬ್ಬನಾದರೂ ಚಪ್ಪಾಳೆ ತಟ್ಟಿದ್ದನೇ?

ಮರುದಿನ ಅಕ್ಕಲಕೋಟ ಬಸ್ ಸ್ಟ್ಯಾಂಡಿನಲ್ಲಿ ನಾಗಣಸೂರಿನ ಪರಿಚಯದ ಆಯಿಯೊಬ್ಬಳು ಬಸ್ಸಿಗೆ ಕಾಯುತ್ತ ಕೂತಿದ್ದಳು. ನನ್ನ ತಲೆಯಲ್ಲಿ ಒಂದು ಕಿಡಿಗೇಡಿತನ ಹೊಳೆಯಿತು. ಫೋನು ತೆಗೆದು ಆಕೆಗೆ ಓದಿ ಹೇಳಿದೆ. "ನಂಬರ ನಲವತ್ತೊಂದು. ಊರು ನಾಗಣಸೂರ. ಮನೆದೇವರು ಬೀರೋಬಾ. ಸೋದರಮಾವನ ಊರು ನಂದೇಶ್ವರ. ಕುರಿ ನೂರಾ ನಲವತ್ತು. ಅಣ್ಣ ಫೌಜಿನಾಗ. ಈಕಿ ಯಾರಂತ ಹೇಳಾಕ ಬರ್ತದೇನ ಆಯಿ?"

ಆಯಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ನಮ್ಮೂರಾಗ ನಂದೇಶ್ವರದಿಂದ ಸೊಸಿ ತಂದ ಮನಿ ಎರಡ. ಒಂದ ಮನ್ಯಾಗ ಬರೇ ಗಂಡಮಕ್ಕಳ. ಹಂಗಾದ್ರ ಇದ ಬಾಂವಿ ಹಂತೇಲಿನ ಮನಿ ಪೋರಿ. ಎಡಗೈಲೆ ಬರೀತದ. ಹ್ವಾದ ವರ್ಷ ನೋಡಾಕ ಬಂದ ಗಂಡಿಗಿ, ನೀ ಸೆರೆ ಕುಡೀತೀಯೇನು ಅಂತ ಎಲ್ಲಾರ ಮುಂದ ಕೇಳಿತ್ತು. ಅಂವಾ ಚಾ ಅರ್ಧಕ್ಕ ಬಿಟ್ಟ ಎದ್ದ ಹ್ವಾದಾ."

ಬಾವಿಯ ಹತ್ತಿರದ ಆ ಮನೆ ಸಿಕ್ಕಿದ್ದಕ್ಕೆ ನನಗೆ ಆದ ಸಂತೋಷ ಹೇಳತೀರದು. ಅಲ್ಲಿಂದಲೇ ಮ್ಯಾಡಮ್‌ಗೆ ಫೋನು ಹಚ್ಚಿದೆ. "ನಿಮ್ಮ ಹೆಸರಿಲ್ಲದ ನಲವತ್ತೊಂದ ನಂಬರ ಬಾಂವಿ ಹಂತೇಲಿನ ಮನಿಯಾಕೀರಿ" ಅಂದೆ. ಆಕೆಯ ದನಿ ಇಳಿಯುತ್ತದೆ ಅಂತ ಕಿವಿ ಅಗಲಿಸಿ ಕಾದೆ.

"ಛಲೋ ಆತ್ರಿ ಗುರುಜಿ, ತೋರಿಸಿ ಕೊಟ್ರಿ" ಅಂದರು ಅವರು ತಣ್ಣಗೆ. "ಊರ ಒಂದ ಇದ್ರ ಗುರ್ತ ಸಿಗಂಗಿಲ್ಲ. ಮಾವನ ಊರ ಒಂದ ಇದ್ರೂ ಸಿಗಂಗಿಲ್ಲ. ಎಲ್ಲಾ ಕೂಡಿಸಿದಾಗ ಸಿಗ್ತದ. ಇವತ್ತ ತಿದ್ದತೀನಿ."

ಸಂಜೆಯೊಳಗೆ ಊರು ಹೋಗಿ ತಾಲೂಕು ಬಂತು. ನೂರಾ ನಲವತ್ತು ಹೋಗಿ ಬರೀ ಕುರಿ ಸಾಕಣೆ ಅಂತಾಯಿತು. ಮನೆದೇವರು, ಸೋದರಮಾವನ ಊರು ಎರಡೂ ಕಡೆಯವರು ಒಪ್ಪಿದ ಮೇಲಷ್ಟೇ ಕಾಣುವಂತಾಯಿತು. ಮಂಡಳದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರು ಮ್ಯಾಡಮ್ ಅವರ ದಕ್ಷತೆಗೆ ಅಭಿನಂದನೆ ಅಂತ ಹಾಕಿದರು. ತಪ್ಪು ಹಿಡಿದವನು ನಾನು, ನನ್ನ ಹೆಸರು ಎಲ್ಲೂ ಇಲ್ಲ. ಅದರ ಕೆಳಗೆ ನಲವತ್ತು ಮಂದಿ ಕೈಮುಗಿದಿದ್ದರು. ನಾನು ಅರ್ಧ ಪುಟ ಬರೆದು ಹಾಕಿದರೂ ಬರುವುದು ಒಂದು ಹೆಬ್ಬೆರಳು, ಅದೂ ನನ್ನ ಸ್ವಂತ ಅಳಿಯನದು.

ತಿದ್ದಿದ್ದಾದರೂ ಸರಿಯಾಗಿದೆಯೋ ನೋಡೋಣ ಅಂತ ಮುಂದಿನ ವಾರ ಅದೇ ಬಸ್ ಸ್ಟ್ಯಾಂಡಿನಲ್ಲಿ ಅದೇ ಆಯಿಯನ್ನು ಹಿಡಿದೆ. "ಅಕ್ಕಲಕೋಟ ತಾಲೂಕ. ಕುರಿ ಸಾಕಣಿ. ಈಗ ಹೇಳ ನೋಡೂಣು, ಯಾರು?"

ಆಯಿ ಭಾಳ ಹೊತ್ತು ಯೋಚಿಸಿದಳು. "ಈಗ ಗುರ್ತ ಸಿಗವಲ್ತು ನೋಡಪಾ" ಅಂದಳು. ನನ್ನ ಮುಖ ಸಣ್ಣದಾಯಿತು. ಆಮೇಲೆ ಆಕೆ ನನ್ನನ್ನೇ ಒಂದು ನಮೂನೆ ನೋಡಿ ಕೇಳಿದಳು: "ಆದ್ರ ಮಾಸ್ತರ, ನೀ ಯಾಕ ಆ ಬಾಂವಿ ಹಂತೇಲಿನ ಪೋರೀದನ್ನ ಮತ್ತ ಮತ್ತ ಕೇಳಾಕತ್ತೀದಿ?"

ಟಗರಿನ ಪಾಸ್‌ವರ್ಡ್

ಮೂರೂ ಕಡೆಯ ವಹಿ ನೋಡುವವರಿಗೆ ಮ್ಯಾಡಮ್ ಒಂದೊಂದು ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳಿದರು. ಯಾರಿಗೂ ಹೇಳಬಾರದು, ನೀವು ಮರೆಯಬಾರದು, ಇಷ್ಟೇ ನಿಯಮ. ಮಂಗಳವೇಢೆ ಕಡೆಯ ವಹಿ ನಂದೇಶ್ವರದ ಕುರಿ ಸಾಕುವ ಕಾಕಾ ಒಬ್ಬರ ಹತ್ತಿರ. ಅವರು ತಮ್ಮ ಟಗರಿನ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡರು. ಟಗರಿನ ಹೆಸರು ಸರದಾರ.

ಒಂದು ಲಗ್ನಕ್ಕೆ ಅಂತ ನಾನು ನಂದೇಶ್ವರಕ್ಕೆ ಹೋದಾಗ ಕಾಕಾ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಫೋನು ತೆಗೆದರು. ಒಂದೊಂದೇ ಅಕ್ಷರವನ್ನು ಒತ್ತುತ್ತ, ಒತ್ತಿದ್ದನ್ನು ಬಾಯಿಯಲ್ಲಿ ಹೇಳುತ್ತ, ಕೊನೆಗೆ ಬರೋಬ್ಬರಿ ಆಯಿತೋ ಇಲ್ಲವೋ ಅಂತ "ಸರದಾರ" ಅಂತ ಒಮ್ಮೆ ಪೂರ್ತಿ ಅಂದರು. ಅತ್ತ ಬೇವಿನ ಗಿಡದ ನೆರಳಿನಲ್ಲಿ ಮಲಗಿದ್ದ ಟಗರು ಎದ್ದು, ಮೈ ಝಾಡಿಸಿ, ಕಟ್ಟೆ ಹತ್ತಿ, ಕಾಕಾನ ತೊಡೆಯ ಹತ್ತಿರ ತಲೆ ಇಟ್ಟು ನಿಂತಿತು.

ಐದು ನಿಮಿಷ ಆಗಿರಲಿಲ್ಲ, ಓಣಿಯಿಂದ ಒಬ್ಬೊಬ್ಬರೇ ಬರತೊಡಗಿದರು. "ಹೊಸಾ ಸಂಬಂಧ ಬಂದಾವೇನ ಕಾಕಾ?" "ನಮ್ಮ ಪೋರೀಗಿ ಯಾವದರೆ ಗಂಡ ಅದ ಏನು?" ಕಟ್ಟೆ ತುಂಬಿತು. ಸೈಟು ತೆಗೆದದ್ದು ಇವರಿಗೆ ಹೇಗೆ ಗೊತ್ತಾಯಿತು ಅಂತ ಒಬ್ಬಾಕೆಯನ್ನು ಕೇಳಿದೆ.

"ಟಗರ ಕಟ್ಟಿ ಹತ್ತಿತಂದ್ರ ಕಾಕಾ ಸೈಟ ತಗದಾನಂತನ ತಿಳ್ಕೋಬೇಕ್ರಿ" ಅಂದಳು. ಇಡೀ ಊರಿಗೆ ಪಾಸ್‌ವರ್ಡ್ ಗೊತ್ತು. ಸರದಾರ ಅಂದ ಮೇಲೆ ಒತ್ತುವ ಅಂಕಿಯನ್ನೂ ಒಬ್ಬ ಪೋರ ಹೇಳಿದ. ಮೊದಲೆಲ್ಲ ನಾನು ಬಸ್ಸಿನಿಂದ ಇಳಿದರೆ ಹೀಗೇ ಮಂದಿ ಸುತ್ತುಗಟ್ಟುತ್ತಿದ್ದರು. ಆವತ್ತು ನನ್ನನ್ನು ಸರಿಸಿ ಟಗರಿಗೆ ಜಾಗ ಮಾಡಿಕೊಟ್ಟರು. ಮನುಷ್ಯರ ಮೇಲಿನ ಹೊಟ್ಟೆಕಿಚ್ಚು ಸಾಲದೆ ಒಂದು ಟಗರಿನ ಮೇಲೂ ಹೊಟ್ಟೆಕಿಚ್ಚು ಪಡುವ ಹಣೆಬರಹ ನನಗೆ ಬಂತು.

ಇದನ್ನು ಮ್ಯಾಡಮ್‌ಗೆ ಮುಟ್ಟಿಸದೆ ಬಿಡುವವನೇ ನಾನು? ಅವರು ಕೂಡಲೇ ಕಾಕಾಗೆ ಫೋನು ಮಾಡಿ, ಹೆಸರು ಬದಲಿ ಮಾಡಿರಿ ಅಂತ ತಿಳಿಸಿ ಹೇಳಿದರು. ಕಾಕಾ ಶಾಂತವಾಗಿ ಕೇಳಿಸಿಕೊಂಡರು.

"ಮಾಡೂಣಂತ ಬಾಯಾರ" ಅಂದರು. "ಆದ್ರ ಎರಡ ತಿಂಗಳರೆ ಟೈಮ ಕೊಡ್ರಿ. ಹೊಸಾ ಹೆಸರ ಕರದ್ರ ಬರೂ ರೂಢಿ ಟಗರಿಗಿ ಆಗಬೇಕಲ್ಲ."

ನಂದು, ಮಂದೀದು

ಇದು ಸಣ್ಣದು, ಆದರೆ ನನಗೆ ಚುಚ್ಚಿದ್ದು. ಸೊಲ್ಲಾಪುರದ ನೂಲಿನ ವ್ಯಾಪಾರಿಯೊಬ್ಬರು ಕಾರು ತೆಗೆದುಕೊಂಡು ನಮ್ಮ ಮನೆಗೇ ಬಂದರು. ಮ್ಯಾಡಮ್ ಸೊಲ್ಲಾಪುರದಲ್ಲೇ ಇರುವಾಗ ನನ್ನನ್ನು ಹುಡುಕಿಕೊಂಡು ಬಂದರಲ್ಲ ಅಂತ ನನ್ನ ಎದೆ ಉಬ್ಬಿತು. ಹೆಂಡತಿಗೆ ಎರಡು ಸಲ ಚಾ ಮಾಡಿಸಿದೆ.

"ಗುರುಜಿ, ನಮ್ಮ ಮಗನ ಮಾಹಿತಿ ಆ ಸೈಟಿನಾಗ ಯಾರಿಗೂ ಕಾಣಬಾರದು. ಜಗತ್ತ ಛಲೋ ಇಲ್ಲ" ಅಂದರು.

"ಆಗ್ಲಿರಿ" ಅಂದೆ.

"ಆದ್ರ ಹುಡಿಗ್ಯಾರ ಮಾಹಿತಿ ನಮಗ ಪೂರಾ ಕಾಣಬೇಕು. ಫೋಟೋ, ಫೋನ ನಂಬರ, ಅವರ ಅಪ್ಪನ ಮನೀ ವಿಳಾಸ, ಎಲ್ಲಾ."

ಸೈಟಿನಲ್ಲಿ ಎಲ್ಲರಿಗೂ ಒಂದೇ ನಿಯಮ, ಮ್ಯಾಡಮ್ ಅವರನ್ನು ಕೇಳಿ ಅಂದೆ. "ಕೇಳಿದ್ನೆಲ್ರಿ, ಖಡಾಖಡಿ ಆಗೂದಿಲ್ಲ ಅಂದ್ಲು" ಅಂದರು ಅವರು. "ಅದಕ್ಕ ನಿಮ್ಮ ಕಡೆ ಬಂದೀನಿ. ನೀವಾದ್ರ ಮೊದಲ ಒಂದ ಕಪ್ಪ ಚಾ ಕುಡಿಯೂದ್ರಾಗ ಅಂಗೈ ಸರಸ್ತಿದ್ರಿ."

ನನ್ನ ಮನೆಯ ಚಾ ಕುಡಿದು ಹೇಳುವ ಮಾತೇ ಇದು? ಅದೂ ಹೌದು ಅನ್ನಿ, ಸರಿಸುತ್ತಿದ್ದೆ. ಸಿಟ್ಟಿನಿಂದ, ನಿಮ್ಮದು ಮುಚ್ಚಬೇಕು ಅಂದ ಮೇಲೆ ಮಂದಿಯದೂ ಮುಚ್ಚಬೇಕಲ್ಲ ಅಂತ ನ್ಯಾಯ ಹೇಳಿದೆ. ಅವರಿಗೆ ನನ್ನ ಅಜ್ಞಾನದ ಬಗ್ಗೆ ಖರೇನೇ ಮರುಕ ಬಂತು.

"ಹಂಗಲ್ಲ ಗುರುಜಿ. ನಂದ ಇದ್ರ ಅದು ಖಾಸಗಿ. ಮಂದೀದ ಇದ್ರ ಅದು ವಿಚಾರಣಿ."

ಸ್ವತಃ ಬಂದು ಹೇಳಬೇಕು

ದೀಪಾವಳಿ ಕಳೆದ ಮೇಲೆ ಸಭೆ ಸೇರಿತು. ಅದರ ಮುಂದಿನ ರವಿವಾರ ಚಿಟಣೀಸರ ಆಯ್ಕೆ. ಮ್ಯಾಡಮ್ ಎದ್ದು ಒಂದು ವಿಷಯ ಇಟ್ಟರು. ಮೂರೂ ವಹಿ ಕೂಡಿಸಿದಾಗ ಹಳೆಯ ನೋಂದಣಿಗಳು ಭಾಳ ಬಂದಿವೆ, ಫೋನು ಮಾಡಿದರೆ ಆ ನಂಬರುಗಳೇ ಇಲ್ಲ, ಅವನ್ನೆಲ್ಲ ಈ ವಾರ ತೆಗೆದುಬಿಡುತ್ತೇನೆ ಅಂದರು. "ಬ್ಯಾಡಾದ ಮಾಹಿತಿ ಇಟ್ಕೊಂಡ ಕೂಡೂದೂ ಒಂದ ಅಪಾಯನ ರಿ. ಯಾರ ಹೆಂಗ ಬಳಸ್ತಾರ ಹೇಳಾಕ ಬರಂಗಿಲ್ಲ." ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷರ ತಲೆಯಂತೂ ಎರಡು ಸಲ ಹೆಚ್ಚಿಗೆ ಆಡಿತು.

ನನಗೆ ತಡೆಯಲಾಗಲಿಲ್ಲ. ಹೀಗೆಯೇ ಬಿಟ್ಟರೆ ಖುರ್ಚಿ ಹೋಯಿತು. ಮಾತು ಏನೆಂದು ಯೋಚಿಸುವ ಮೊದಲೇ ಎದ್ದು ನಿಂತಿದ್ದೆ.

"ತಗ್ಯಾಕ ನೀವ್ಯಾರ್ರಿ?" ಅಂದೆ. "ಒಬ್ಬರ ಮಾಹಿತಿ ಅಂದ್ರ ಅದು ಅವರ ಸ್ವಂತದ್ದು. ಬರಸೂದಿರ್ಲಿ, ತಿದ್ದೂದಿರ್ಲಿ, ತಗ್ಯೂದಿರ್ಲಿ, ಅವರ ಸ್ವತಃ ಬಂದ ಹೇಳಬೇಕು. ಅಪ್ಪ ಹೇಳಿದ್ರ ನಡ್ಯಂಗಿಲ್ಲ, ಅಣ್ಣ ಹೇಳಿದ್ರ ನಡ್ಯಂಗಿಲ್ಲ. ಮಂಡಳದವರ ಅಂತೂ ಮುಟ್ಟಲೇಬಾರದು."

ನಿಜ ಹೇಳಬೇಕೆಂದರೆ ನನಗೆ ಯಾರ ಸ್ವಂತದ ಚಿಂತೆಯೂ ಇರಲಿಲ್ಲ. ಆಕೆಯ ಕೆಲಸ ನಿಲ್ಲಬೇಕಿತ್ತು, ಅಷ್ಟೇ. ಊರೂರು ತಿರುಗಿ ಒಬ್ಬೊಬ್ಬರನ್ನು ಹುಡುಕಲಿ, ಬೆವರಲಿ ಅಂತ ಇತ್ತು. ಆದರೆ ಸಭೆ ಒಮ್ಮೆಲೆ ಚಪ್ಪಾಳೆ ತಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ. "ಬರೋಬರ ಆಹೆ ಗುರುಜಿಂಚ" ಅಂತ ಅಧ್ಯಕ್ಷರು ಮರಾಠಿಯಲ್ಲಿ ಒಪ್ಪಿಕೊಂಡರು. ಅವರು ಮನಸಾರೆ ಒಪ್ಪಿದಾಗಷ್ಟೇ ಮರಾಠಿ ಬರುತ್ತದೆ. ಮ್ಯಾಡಮ್ ಕೂಡ, "ಭಾಳ ಛಲೋ ನಿಯ್ಮ ಗುರುಜಿ" ಅಂತ ಅಲ್ಲಿಯೇ ಬರೆದುಕೊಂಡರು. ಮುಂದಿನ ರವಿವಾರ ಖುರ್ಚಿ ಯಾರದು ಅಂತ ನನಗೆ ಆಗಲೇ ಕಾಣತೊಡಗಿತ್ತು.

ಹಿಂದಿನ ಸಾಲಿನಿಂದ ಒಬ್ಬ ಮುತ್ಯಾ ಕೈ ಎತ್ತಿದ. ಐವತ್ತು ವರ್ಷದ ಹಿಂದೆ ಅವನ ಹೆಸರೂ ನಮ್ಮ ವಹಿಯಲ್ಲಿ ಬಿದ್ದದ್ದು, ಯಾರೂ ಹೊಡೆದು ಹಾಕಿರಲಿಲ್ಲ. "ಗುರುಜಿ, ಸತ್ತವರದು ಹ್ಯಾಂಗರಿ?" ಅಂತ ಕೇಳಿದ.

ನಾನು ಇನ್ನೂ ಚಪ್ಪಾಳೆಯ ಬಿಸಿಯಲ್ಲಿದ್ದೆ. "ಯಾರೇ ಇರ್ಲಿ. ಸ್ವತಃ ಬಂದ ಹೇಳಬೇಕು" ಅಂದೆ.

ಮುತ್ಯಾ ಮೆಲ್ಲಗೆ ಎದ್ದು ಮುಂದೆ ಬಂದು ಮೇಜಿನ ಹತ್ತಿರ ನಿಂತ. "ಹಂಗಾದ್ರ ನಂದ ಈಗನ ತಗದ ಬಿಡ್ರಿ ಬಾಯಾರ" ಅಂದ. "ಆಮ್ಯಾಲ ಬರೂದು ಆಗ್ಲಿಕ್ಕಿಲ್ಲ."

ಸ್ವಭಾವ ಶಾಂತ

ರವಿವಾರಕ್ಕೆ ಇನ್ನೂ ಮೂರು ದಿನ. ಖುರ್ಚಿ ಖಾತ್ರಿಯಾಗಲು ಮ್ಯಾಡಮ್ ಅವರದೊಂದು ದೊಡ್ಡ ತಪ್ಪು ಕೈಯಲ್ಲಿರಲಿ ಅಂತ ಸೊಲ್ಲಾಪುರದ ಯಾದಿ ತೆಗೆದು ಒಂದೊಂದೇ ನೋಂದಣಿ ನೋಡುತ್ತ ಕೂತೆ. ಹೆಸರು, ಫೋನು ನಮಗೂ ಕಾಣುವುದಿಲ್ಲ. ಉಳಿದದ್ದು ವಹಿ ನೋಡುವವರಿಗೆ ಕಾಣುತ್ತದೆ.

ಎಪ್ಪತ್ತಾರನೇ ನಂಬರಿಗೆ ಬಂದೆ. ವಯಸ್ಸು ಇಪ್ಪತ್ತೆರಡು. ಬಿ.ಎ. ಮೊದಲ ವರ್ಷ. ಮನೆದೇವರು ಮೈಲಾರ. ಹವ್ಯಾಸ ರಂಗೋಲಿ, ಹಾಡು. ಸ್ವಭಾವ ಶಾಂತ. ಆಸಕ್ತಿ ತೋರಿಸಿದವರು ಒಂಬತ್ತು ಮಂದಿ. ಎಂಥ ಒಳ್ಳೆಯ ಹುಡುಗಿ, ಯಾವ ಪುಣ್ಯವಂತನಿಗೆ ಸಿಗುತ್ತಾಳೋ ಅಂದುಕೊಂಡೆ. ಕೆಳಗೆ ನೋಡಿದೆ. ತಂದೆ ಗಿರಣಿ ನೌಕರ. ಸೊಲ್ಲಾಪುರದ ಗಿರಣಿಗಳು ಮುಚ್ಚಿ ಎಷ್ಟೋ ವರ್ಷವಾಯಿತಲ್ಲ ಅಂತ ಅನುಮಾನ ಬಂತು. ನಾಲ್ಕು ಹೆಣ್ಣುಮಕ್ಕಳಲ್ಲಿ ಈಕೆ ಮೂರನೆಯವಳು. ಸೋದರಮಾವನ ಊರು ನಾಗಣಸೂರ. ಆ ಸೋದರಮಾವನ ಮನೆಯಲ್ಲಿ ನಾನು ಪ್ರತಿ ವರ್ಷ ಹೋಗಿ ಉಂಡು ಬರುತ್ತೇನೆ.

ಅದು ನನ್ನ ಹೆಂಡತಿ. ಸ್ವಭಾವ ಶಾಂತ ಅಂತ ಬರೆದಿದ್ದರಿಂದ ಗುರುತು ಹಿಡಿಯಲು ನನಗೆ ಇಷ್ಟು ಹೊತ್ತಾಯಿತು.

ಲಗ್ನವಾದ ಮೇಲೆ ಹುಡುಗಿಯ ಹೆಸರು ಹೊಡೆಸುವುದು ಗಂಡಿನ ಕಡೆಯವರ ಕೆಲಸ. ಹೊಡೆಸದವರಿಗೆಲ್ಲ ನಾನು ಇಪ್ಪತ್ತೆರಡು ವರ್ಷ ಬೈದಿದ್ದೇನೆ. ನನ್ನ ಲಗ್ನ ಅದಕ್ಕೂ ಮೂರು ವರ್ಷ ಮೊದಲಿನದು, ಸೊಲ್ಲಾಪುರಕ್ಕೆ ಹೋಗಿ ಹೊಡೆಸುವುದು ನನಗೇ ಮರೆತಿತ್ತು. ಹಳೆಯ ವಹಿಯಲ್ಲಿ ಹುಟ್ಟಿದ ತಾರೀಖು ಬರೆಯುತ್ತಿರಲಿಲ್ಲ, ವಯಸ್ಸು ಬರೆಯುತ್ತಿದ್ದರು. ಹಾಗಾಗಿ ನಾನು ಐವತ್ತು ದಾಟಿದೆ, ಆಕೆ ಅಲ್ಲಿ ಇಪ್ಪತ್ತೆರಡರಲ್ಲೇ ಕೂತಿದ್ದಾಳೆ.

ಒಂಬತ್ತೂ ಮಂದಿಯನ್ನು ತೆಗೆದು ನೋಡಿದೆ. ಹೊಟ್ಟೆಕಿಚ್ಚು ಅಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ ಅಂತ ಆಗ ತಿಳಿಯಿತು. ಒಬ್ಬ ಬ್ಯಾಂಕಿನವ. ಒಬ್ಬ ಎಸ್‌ಟಿ ಕಂಡಕ್ಟರ್. ಇನ್ನೊಬ್ಬನ ಊರು, ಮನೆದೇವರು, ಅಪ್ಪನ ಕೆಲಸ ಕೂಡಿಸಿ ನೋಡಿದರೆ, ಅವನು ನನ್ನ ಕೈಯಲ್ಲೇ ಏಳರ ಮಗ್ಗಿ ಕಲಿತವನು. ಅದೂ ಪೂರ್ತಿ ಬರುತ್ತಿರಲಿಲ್ಲ.

ಮ್ಯಾಡಮ್‌ಗೆ ಫೋನು ಹಚ್ಚಿ, ಎಪ್ಪತ್ತಾರನೇ ನಂಬರು ಈ ಗಳಿಗೆಯಲ್ಲಿ ತೆಗೆಯಿರಿ ಅಂದೆ.

"ಅವರ ಸ್ವತಃ ಹೇಳಬೇಕಲ್ರಿ ಗುರುಜಿ."

"ನಾ ಹೇಳಾಕತ್ತೀನಲ್ಲ. ನಾ ಅಕೀ ಗಂಡ."

ಆ ಕಡೆ ಆಕೆ ನಗೆ ನುಂಗುತ್ತಿದ್ದದ್ದು ನನಗೆ ಕೇಳಿಸಿತು. "ಹ್ವಾದ ವಾರ ಇಂಥಾವ ಎಲ್ಲಾ ತಗದ ಬಿಡಾವ್ರಿದ್ವಿ, ನೀವೇ ತಡದ್ರಿ. ಅಪ್ಪ, ಅಣ್ಣ ಯಾರ ಹೇಳಿದ್ರೂ ನಡ್ಯಂಗಿಲ್ಲ ಅಂತ ನೀವೇ ಅಂದ್ರಿ. ಗಂಡಗ ಬ್ಯಾರೆ ನಿಯ್ಮ ಮಾಡಾಕ ಬರ್ತದೇನ್ರಿ? ನಮ್ಮ ವೈನಿ, ನಿಮ್ಮ ಮನಿಯವ್ರು, ಒಂದ ಮಾತ ಅಂದ್ರ ಸಾಕು, ತಗೀತೀನಿ."

"ಆ ಸ್ವಭಾವ ಶಾಂತ ಅನ್ನೂದರೆ ತಿದ್ರಿ, ಅದು ಸುಳ್ಳ ಮಾಹಿತಿ" ಅಂದೆ.

"ತಿದ್ದೂದಕ್ಕೂ ಅವರ ಹೇಳಬೇಕ್ರಿ."

ಅಡುಗೆಮನೆಗೆ ಹೋದೆ. ಹೆಂಡತಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ವಿಷಯ ಹೇಳಿದೆ. ಆಕೆ ಒರಳು ಬದಿಗಿಟ್ಟು, ಸೆರಗಿಗೆ ಕೈ ಒರೆಸಿ, ಚಾಳೀಸು ಕಣ್ಣಿಗೇರಿಸಿ, ಫೋನು ನನ್ನ ಕೈಯಿಂದ ತೆಗೆದುಕೊಂಡಳು. ಒಂಬತ್ತನ್ನೂ ಸಾವಕಾಶವಾಗಿ ಓದಿದಳು.

"ಈ ಕಂಡಕ್ಟರ, ಅಡಿಗಿ ತಾನೂ ಮಾಡ್ತೀನಿ ಅಂತ ಬರದಾನ" ಅಂದಳು. "ನೀವ ಏನ ಬರದಿದ್ರಿ?"

ನಾನು ಕೈಮುಗಿಯುವುದೊಂದು ಬಾಕಿ. "ರವಿವಾರ ಸಭಾದಾಗ ಯಾದಿ ಗ್ವಾಡಿ ಮ್ಯಾಲ ತೋರಸ್ತಾರ. ಹೆಸರ ಇರ್ಲಿಲ್ಲಂದ್ರೂ ಮಂದಿ ಎಲ್ಲಾ ಕೂಡಿಸಿ ಗುರ್ತ ಹಿಡೀತಾರ. ಚಿಟಣೀಸ ಆಗಾವನ ಹೆಂಡ್ತಿ ಇನ್ನಾ ಲಗ್ನದ ಯಾದ್ಯಾಗ ಅದಾಳಂದ್ರ ಆ ಖುರ್ಚಿ ನನಗ ಯಾರ ಕೊಡ್ತಾರ? ತಗೀರಿ ಅಂತ ಒಂದ ಮಾತ ಹೇಳ."

"ಹಂಗ ಗಡಬಡಿಲೆ ಹೇಳಾಕ ಬರಂಗಿಲ್ಲ. ಯೋಚನಿ ಮಾಡಬೇಕು" ಅಂದಳು.

ಮೂರು ದಿನ ಆಕೆ ಯೋಚನೆ ಮಾಡಿದಳು. ಮೂರು ದಿನ ನಾನು ನೀರು ತುಂಬಿದೆ, ಕೊತ್ತಂಬರಿ ಸೋಸಿದೆ, ಚಟ್ನಿ ಹೊಗಳಿದೆ, ಬಡಿಸಿಕೊಂಡು ಉಂಡು ತಾಟು ನಾನೇ ತೊಳೆದೆ. ಆಕೆ ಅದನ್ನೆಲ್ಲ ನೋಡಿದಳೇ ಹೊರತು ಸೊಲ್ಲಾಪುರಕ್ಕೆ ಫೋನು ಮಾಡಲಿಲ್ಲ.

ರವಿವಾರ ಸಭೆಯಲ್ಲಿ ಗೋಡೆಗೆ ಬಿಳಿ ಪರದೆ ಕಟ್ಟಿದ್ದು ಕಂಡೆ. ಯಾದಿ ಬರುವ ಮೊದಲೇ ಎದ್ದು, ಈ ಖುರ್ಚಿಗೆ ಮ್ಯಾಡಮ್ ಅವರೇ ತಕ್ಕವರು ಅಂತ ನಾನೇ ಸೂಚಿಸಿ ಕೂತುಬಿಟ್ಟೆ. ಎಲ್ಲರೂ ಅದನ್ನು ದೊಡ್ಡ ಮನಸ್ಸು ಅಂತ ತಿಳಿದರು. ಅಧ್ಯಕ್ಷರು ಮರಾಠಿಯಲ್ಲಿ ಹೊಗಳಿದರು, ಟಾವೆಲು, ಟೋಪಿ ಕೊಟ್ಟರು. ಮ್ಯಾಡಮ್ ಖುರ್ಚಿಯಲ್ಲಿ ಕೂತು ಪರದೆಯ ಮೇಲೆ ಹಚ್ಚಿದ್ದು ಮಾತ್ರ ಬರೀ ನಿಯಮಗಳ ಪುಟ. ಆಮೇಲೆ ನನ್ನ ಹತ್ತಿರ ಬಂದು, "ಮಂದೀ ಮಾಹಿತಿ ನಾ ಎಂದರೆ ಸಭಾದಾಗ ತೋರಸ್ತೀನೇನ್ರಿ ಗುರುಜಿ?" ಅಂತ ಮೆಲ್ಲಗೆ ಕೇಳಿದರು. ಸುಮ್ಮನೆ ಬಿಟ್ಟುಕೊಟ್ಟಿದ್ದೆ ಖುರ್ಚಿ.

ಮನೆಗೆ ಬಂದವನೇ ಹೊಸ ಟೋಪಿ ಮೂಲೆಗೆ ಒಗೆದು ಹೆಂಡತಿಯ ಮುಂದೆ ಕೂತೆ. "ಖುರ್ಚಿ ಹ್ವಾತು. ಈಗರೆ ತಗಸು" ಅಂದೆ. ನನ್ನ ಮುಖ ನೋಡಿ ಆಕೆಗೆ ಕರುಣೆ ಬಂದಿರಬೇಕು, ತಾನೇ ಫೋನು ಹಚ್ಚಿದಳು. ನನಗೂ ಕೇಳಿಸಲಿ ಅಂತ ಸ್ಪೀಕರ್ ಹಾಕಿದಳು.

ಹೊಸ ಚಿಟಣೀಸರು ನಿಯಮದ ಪ್ರಕಾರ ಕೇಳಿದರು: "ವೈನಿ, ಇದು ನಿಮ್ಮ ಮಾಹಿತಿ. ನಿಮ್ಮ ಮ್ಯಾಲ ಯಾರ ಒತ್ತಾಯನೂ ಇಲ್ಲಲ್ಲ? ತಗೀಲೇನ್ರಿ?"

ಹೆಂಡತಿ ನಾನು ತೊಳೆದಿಟ್ಟ ತಾಟಿನ ಕಡೆ ನೋಡಿದಳು, ಸೋಸಿಟ್ಟ ಕೊತ್ತಂಬರಿ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಸದ್ಯ ಇರ್ಲಿ ಬಿಡು ತಂಗಿ" ಅಂದಳು. "ಮೂರ ದಿನದಿಂದ ಭಾಳ ಛಲೋ ನಡ್ಕೊಳ್ಳಾಕತ್ತಾರ. ಈ ಮನಿ ಖುರ್ಚಿನೂ ಕಾಯಂ ಅಲ್ಲಂತ ಒಂದೀಟ ಅಂಜಿಕಿ ಇರ್ಲಿ."